ಒಂದೇ ಮಿಷನ್, ಹಲವು ಕೆಲಸ: ಮಧ್ಯಮ ಗಾತ್ರದ ಚೈನ್‌ಸಾಗೆ ಯಾವ ಬಾರ್, ಯಾವ ಚೈನ್?

ಚೈನ್‌ಸಾ ಕೊಂಡವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. 45 ರಿಂದ 60 ಸಿಸಿ ಒಳಗಿನ ಒಂದು ಮಿಷನ್ ಮನೆಗೆ ಬಂದಿದೆ. ತೋಟದ ಸಿಲ್ವರ್ ಓಕ್ ಇಳಿಸಬೇಕು. ಒಲೆಗೆ, ಬಚ್ಚಲ ಹಂಡೆಗೆ ಸೌದೆ ಆಗಬೇಕು. ಗಾಳಿಗೆ ಬಿದ್ದ ತೆಂಗಿನ ಮರ ತುಂಡು ಮಾಡಬೇಕು. ಆದರೆ ಒಂದೆರಡು ದಿಮ್ಮಿ ಸೀಳಿ ಹಲಗೆಯನ್ನೂ ಮಾಡಿಕೊಳ್ಳಬೇಕು. ಇಷ್ಟಕ್ಕೂ ಅಂಗಡಿಯವರು ಹಾಕಿಕೊಟ್ಟ ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಉಕ್ಕಿನ ಪಟ್ಟಿ), ಚೈನ್ ಸಾಕಾ? ಅಥವಾ 20–22 ಇಂಚಿನ ಉದ್ದ ಬಾರ್ ಹಾಕಿಸಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಉದ್ದ ಬಾರಿಗೆ ಕೊಡುವ ದುಡ್ಡಿನಲ್ಲಿ ಎರಡನೇ ಚೈನ್ ಮತ್ತು ಸರಿಯಾದ ಅರ ಕೊಳ್ಳಿ. ಈ ಗಾತ್ರದ ಮಿಷನ್ನಿಗೆ ಬಾರ್ ಗಿಡ್ಡ ಇದ್ದಷ್ಟೂ, ಚೈನ್ ಕೆಲಸಕ್ಕೆ ತಕ್ಕದ್ದಾದಷ್ಟೂ ಒಳ್ಳೆಯದು. ಎಲ್ಲರಿಗೂ ಇದೇ ಉತ್ತರ ಸರಿಹೋಗುವುದಿಲ್ಲ. ಹಾಗಾಗಿ ಆರಿಸುವ ಮೊದಲು ಏನೇನು ನೋಡಬೇಕು ಅನ್ನುವುದರಿಂದ ಶುರು ಮಾಡೋಣ.

ಮೊದಲು ನೋಡಬೇಕಾದದ್ದು

ಮೊದಲನೆಯದು ಎಂಜಿನ್ನಿನ ನಿಜವಾದ ಬಲ. ಸಿಸಿ ನೋಡಿ ಬಲ ಅಳೆಯಬೇಡಿ. ಸ್ಟಿಲ್ ಕಂಪನಿಯ ಎಂಎಸ್ 261 ಮಿಷನ್ 50.2 ಸಿಸಿ, ಕೊಡುವುದು 3 ಕಿಲೋವಾಟ್. ಹಸ್ಕ್ವರ್ನಾ 455 ರ‍್ಯಾಂಚರ್ 55.5 ಸಿಸಿ, ಕೊಡುವುದು 2.6 ಕಿಲೋವಾಟ್. ನಮ್ಮ ಕಡೆ ತುಂಬಾ ಕಾಣುವ ಸ್ಟಿಲ್ ಎಂಎಸ್ 250 ಮಿಷನ್ 45.4 ಸಿಸಿ, 2.3 ಕಿಲೋವಾಟ್. ಬಾರ್ ಉದ್ದ ತೀರ್ಮಾನಿಸಬೇಕಾದದ್ದು ಪುಸ್ತಿಕೆಯಲ್ಲಿರುವ ಈ ಕಿಲೋವಾಟ್ ಲೆಕ್ಕದಿಂದ. ಹೆಸರಿಲ್ಲದ ಕಂಪನಿಯ 58 ಸಿಸಿ ಮಿಷನ್ನುಗಳ ಮೇಲೆ ಬರೆದ ಬಲವನ್ನು ಸ್ವಲ್ಪ ಕಮ್ಮಿ ಮಾಡಿಕೊಂಡೇ ಓದಿ.

ಎರಡನೆಯದು ಮರ. ಸಿಲ್ವರ್ ಓಕ್, ಹಾಲುವಾಣ, ಹಸಿ ನೀಲಗಿರಿ ಸಲೀಸಾಗಿ ಕೊಯ್ಯುತ್ತವೆ. ಒಣಗಿದ ಹುಣಸೆ, ಜಾಲಿ, ಹೊನ್ನೆ ಹಾಗಲ್ಲ. ಸಾಗುವಾನಿ ಕೊಯ್ಯಲು ಅಷ್ಟೇನೂ ಗಟ್ಟಿ ಅಲ್ಲ. ಆದರೆ ಅದರೊಳಗೆ ಮರಳಿನ ಅಂಶ, ಅಂದರೆ ಸಿಲಿಕಾ ಇರುತ್ತದೆ. ಹಲ್ಲು ಬೇಗ ಮೊಂಡಾಗುತ್ತದೆ. ಬಿದಿರು ಮತ್ತು ತೆಂಗಿನದೂ ಇದೇ ಕಥೆ.

ಮೂರನೆಯದು ಮಣ್ಣು. ಇದನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನಿಂತ ಮರದ ಕಾಂಡ ಚೊಕ್ಕಟವಾಗಿರುತ್ತದೆ. ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಕೆಸರು, ಜಲ್ಲಿ ಎಲ್ಲ ಸೇರಿರುತ್ತದೆ. ಗೆದ್ದಲು ಹಿಡಿದ ಬುಡ ಇನ್ನೂ ಕೆಟ್ಟದ್ದು, ಹುತ್ತದ ಮಣ್ಣೇ ಒಳಗಿರುತ್ತದೆ. ಬೇಲಿಯ ಮರದಲ್ಲಿ ಮೊಳೆ, ಮುಳ್ಳುತಂತಿ ಹುದುಗಿರಬಹುದು.

ನಾಲ್ಕನೆಯದು ಕೊಯ್ಯುವ ದಿಕ್ಕು. ಮರವನ್ನು ಅಡ್ಡಕ್ಕೆ ತುಂಡು ಮಾಡುವುದು ಬೇರೆ, ಉದ್ದಕ್ಕೆ ಸೀಳುವುದು ಬೇರೆ. ಎರಡಕ್ಕೂ ಹಲ್ಲಿನ ಕೋನವೇ ಬೇರೆ.

ಕೊನೆಯದು ನೀವು. ಅರ ಹಾಕಲು ನಿಮಗೆ ಬರುತ್ತದಾ? ಮಿಷನ್ ಹಿಡಿಯುವವರು ಪಳಗಿದವರಾ, ಹೊಸಬರಾ? ವರ್ಷಕ್ಕೆ ನಾಲ್ಕು ದಿನದ ಕೆಲಸವೋ, ವಾರಕ್ಕೆ ನಾಲ್ಕು ದಿನದ್ದೋ?

ಅಂಗಡಿಗೆ ಹೋಗುವ ಮುಂಚೆ ಮೂರು ಅಳತೆ

ಚೈನ್ ಕೊಳ್ಳುವಾಗ ಪಿಚ್, ಗೇಜ್, ಕೊಂಡಿಗಳ ಸಂಖ್ಯೆ ಗೊತ್ತಿರಬೇಕು. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳ ದೂರವನ್ನು ಎರಡರಿಂದ ಭಾಗಿಸಿದರೆ ಬರುವುದು ಪಿಚ್. ಈ ಗಾತ್ರದ ಮಿಷನ್ನಿನಲ್ಲಿ ಸಾಮಾನ್ಯವಾಗಿ 0.325 ಇಂಚು ಅಥವಾ 3/8 ಇಂಚು ಇರುತ್ತದೆ. ಬಾರಿನ ಅಂಚಿನ ತೋಡಿನೊಳಗೆ ಕೂರುವ ಕೊಂಡಿಯ ದಪ್ಪವೇ ಗೇಜ್. ಅದು 1.3, 1.5 ಅಥವಾ 1.6 ಮಿಲಿಮೀಟರ್ ಇರಬಹುದು. ಮೂರನೆಯದು ಆ ಕೊಂಡಿಗಳು ಎಷ್ಟು ಅನ್ನುವುದು. "18 ಇಂಚಿನ ಚೈನ್ ಕೊಡಿ" ಅಂದರೆ ಸಾಕಾಗುವುದಿಲ್ಲ. 0.325 ಪಿಚ್ಚಿನಲ್ಲೇ ಸ್ಟಿಲ್ ಎಂಎಸ್ 250ರ 18 ಇಂಚಿನ ಬಾರಿಗೆ 68 ಕೊಂಡಿ ಬೇಕು, ಹಸ್ಕ್ವರ್ನಾದ್ದಕ್ಕೆ 72. ಹಳೇ ಚೈನನ್ನೇ ಕೈಯಲ್ಲಿ ಹಿಡಿದು ಹೋಗುವುದು ಎಲ್ಲಕ್ಕಿಂತ ಸುಲಭ.

ಇನ್ನೊಂದು ವಿಷಯ. ಪಿಚ್ ಬದಲಾಯಿಸಿದರೆ ಬರೀ ಚೈನ್ ಬದಲಾದರೆ ಆಗುವುದಿಲ್ಲ. ಚೈನ್, ಕ್ಲಚ್ ಹತ್ತಿರ ಅದನ್ನು ಓಡಿಸುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್, ಬಾರಿನ ತುದಿಯ ಸಣ್ಣ ಚಕ್ರ, ಮೂರೂ ಒಂದೇ ಪಿಚ್ಚಿನದ್ದಾಗಿರಬೇಕು. ಅಂದರೆ 0.325 ಬಿಟ್ಟು 3/8 ಹಾಕುವುದೆಂದರೆ ಮೂರು ಸಾಮಾನಿನ ಖರ್ಚು.

16 ಇಂಚು, 0.325 ಪಿಚ್, ಸೆಮಿ ಚಿಸೆಲ್

ಮೊದಲ ಮಿಷನ್ನಿಗೆ ಯಾರಾದರೂ ಕಣ್ಣುಮುಚ್ಚಿ ಹಾಕಿಸಬಹುದಾದದ್ದು ಇದು.

ಸೆಮಿ ಚಿಸೆಲ್ ಅಂದರೆ ಹಲ್ಲಿನ ಹೊರ ಮೂಲೆ ಸ್ವಲ್ಪ ದುಂಡಗಿರುವ ಚೈನ್. ಫುಲ್ ಚಿಸೆಲ್‌ನಲ್ಲಿ ಆ ಮೂಲೆ ಬಡಗಿಯ ಉಳಿಯ ಹಾಗೆ ಚೂಪಾಗಿರುತ್ತದೆ. ಚೂಪು ಮೂಲೆ ವೇಗವಾಗಿ ಕೊಯ್ಯುತ್ತದೆ. ಆದರೆ ಕೆಲಸವೆಲ್ಲ ಮಾಡುವುದು ಆ ಒಂದು ತುದಿ. ಅದಕ್ಕೆ ಮಣ್ಣು ತಾಗಿದರೆ ಹಲ್ಲು ಹೋದಂತೆಯೇ. ದುಂಡು ಮೂಲೆಯದು ಸ್ವಲ್ಪ ನಿಧಾನ, ಆದರೆ ಕೆಸರಾದ ತೊಗಟೆಯಲ್ಲೂ ಒಣ ಕಟ್ಟಿಗೆಯಲ್ಲೂ ಹೆಚ್ಚು ಹೊತ್ತು ಬಾಳಿಕೆ ಬರುತ್ತದೆ. ಅರ ಹಾಕುವಾಗ ಕೈ ಒಂದಿಷ್ಟು ಆಚೀಚೆ ಆದರೂ ಸಹಿಸಿಕೊಳ್ಳುತ್ತದೆ.

ಸೌದೆ ಕೆಲಸಕ್ಕೆ ಇದರಷ್ಟು ಹೊಂದುವುದು ಬೇರೆ ಇಲ್ಲ. ಸೌದೆ ದಿಮ್ಮಿ ನೆಲದ ಮೇಲಿರುತ್ತದೆ, ಮಣ್ಣು ತಪ್ಪಿದ್ದಲ್ಲ. ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಸವರುವ ಕೆಲಸ) ಮುಗಿದ ಮೇಲೆ ಕೆಳಗೆ ಬಿದ್ದ ಕೊಂಬೆ ತುಂಡು ಮಾಡಲೂ ಇದೇ ಸರಿ. ಗಿಡಗಳ ಸಾಲಿನ ನಡುವೆ ಉದ್ದ ಬಾರ್ ತಿರುಗಿಸಲು ಹೋದರೆ ಕಾಫಿ ಗಿಡದ ರೆಕ್ಕೆಗೇ, ಅಂದರೆ ಅಡ್ಡ ರೆಂಬೆಗೇ ಪೆಟ್ಟು. ಅಡಿಕೆ ತೋಟಕ್ಕಂತೂ 16 ಇಂಚು ಧಾರಾಳ ಆಯಿತು.

ಮರಗಸಿ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದೆ ಹಿಡಿಕೆ ಇರುವ ಈ ಮಿಷನ್ನುಗಳನ್ನು ಮರದ ಮೇಲೆ ಒಯ್ಯಬೇಡಿ. ಇವು ಎರಡೂ ಕಾಲು ನೆಲದ ಮೇಲೂರಿ, ಎರಡೂ ಕೈಯಲ್ಲಿ ಹಿಡಿಯಲೆಂದು ಮಾಡಿದವು. ಏಣಿ ಮೇಲೆ ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದರಲ್ಲಿ ಮಿಷನ್ ಓಡಿಸುವವರನ್ನು ಕಂಡರೆ ನಿಜಕ್ಕೂ ಭಯವಾಗುತ್ತದೆ. ಮೇಲಿನ ಕೆಲಸಕ್ಕೆ ಕೈಗರಗಸ, ಕತ್ತಿ ಅಥವಾ ಉದ್ದ ಕೋಲಿನ ಗರಗಸ ಇದೆ.

ಇದರ ಮಿತಿ ದಪ್ಪ ಮರ. 16 ಇಂಚಿನ ಬಾರ್ ಅಂದರೂ ಹಿಡಿಕೆ ಕಡೆಯ ಉಕ್ಕಿನ ಮೊನೆಗಳು ಒಂದಿಷ್ಟು ಜಾಗ ತಿನ್ನುತ್ತವೆ. ಎರಡೂ ಬದಿಯಿಂದ ಕೊಯ್ದರೆ ಎರಡಡಿ ದಪ್ಪದವರೆಗೆ ಆಗುತ್ತದೆ. ಅದಕ್ಕಿಂತ ದಪ್ಪದ್ದು ದಿನವೂ ಬರುತ್ತದಾ, ವರ್ಷಕ್ಕೊಮ್ಮೆಯಾ ಅಂತ ನೀವೇ ಯೋಚಿಸಿ.

18 ಇಂಚು, ಜೊತೆಗೆ ಫುಲ್ ಚಿಸೆಲ್

ನಿಂತ ಸಿಲ್ವರ್ ಓಕ್, ಅಕೇಶಿಯಾ, ನೀಲಗಿರಿ ಇಳಿಸುವವರಿಗೆ ಇದು. ಮರ ಹಸಿ, ಕಾಂಡ ಚೊಕ್ಕಟ, ಕೆಲಸ ಜಾಸ್ತಿ. ಇಲ್ಲಿ ಫುಲ್ ಚಿಸೆಲ್‌ನ ವೇಗಕ್ಕೆ ಬೆಲೆ ಇದೆ. ಒಂದೊಂದು ಕೊಯ್ತದಲ್ಲೂ ಸಮಯ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ. 2.5 ಕಿಲೋವಾಟ್ ಮೇಲಿರುವ ಮಿಷನ್ 18 ಇಂಚನ್ನು ಸಲೀಸಾಗಿ ಎಳೆಯುತ್ತದೆ. 45 ಸಿಸಿಯದ್ದು ಎಳೆಯುತ್ತದೆ, ಆದರೆ ಒಣ ಹುಣಸೆ ಸಿಕ್ಕರೆ ಏದುಸಿರು ಬಿಡುತ್ತದೆ.

ಬೆಲೆ ತೆರುವುದು ಹರಿತದ ವಿಷಯದಲ್ಲಿ. ತುದಿ ನೆಲಕ್ಕೆ ಒಂದು ಸಲ ತಾಗಿದರೆ ಕೆಲಸ ನಿಲ್ಲಿಸಿ ಅರ ತೆಗೆಯಬೇಕು. ಅರ ಹಾಕುವ ಅಭ್ಯಾಸ ಇಲ್ಲದವರು ಫುಲ್ ಚಿಸೆಲ್ ಕೊಂಡರೆ ಎರಡನೇ ದಿನಕ್ಕೆ ಅದು ಸೆಮಿ ಚಿಸೆಲ್‌ಗಿಂತ ನಿಧಾನ ಆಗಿರುತ್ತದೆ. ಬಾರಿನ ತುದಿಯ ಮೇಲುಭಾಗ ಮರಕ್ಕೆ ತಾಗಿದಾಗ ಮಿಷನ್ ಒಮ್ಮೆಗೇ ಮುಖದ ಕಡೆ ಹಾರುತ್ತದಲ್ಲ, ಆ ಕಿಕ್‌ಬ್ಯಾಕ್ ಕೂಡ ಫುಲ್ ಚಿಸೆಲ್‌ನಲ್ಲಿ ಜೋರು. ಹೊಸಬರ ಕೈಗೆ ಕೊಡುವ ಮಿಷನ್ನಿಗೆ ಸೆಮಿ ಚಿಸೆಲ್‌ನಲ್ಲೇ ಕಿಕ್‌ಬ್ಯಾಕ್ ಕಮ್ಮಿ ಮಾಡುವ ಕೊಂಡಿ ಇರುವ ಚೈನ್ ಕೇಳಿ ತನ್ನಿ.

ಒಂದೇ 18 ಇಂಚಿನ ಬಾರಿಗೆ ಎರಡು ಚೈನ್ ಇಟ್ಟುಕೊಳ್ಳುವುದು ನನಗೆ ತುಂಬಾ ಇಷ್ಟದ ವ್ಯವಸ್ಥೆ. ಮರ ಉರುಳಿಸಲು ಫುಲ್ ಚಿಸೆಲ್. ಉರುಳಿದ ಮೇಲೆ ನೆಲದಲ್ಲಿ ತುಂಡು ಮಾಡಲು ಸೆಮಿ ಚಿಸೆಲ್. ಚೈನ್ ಬದಲಿಸಲು ಐದು ನಿಮಿಷ ಸಾಕು. ಎರಡಕ್ಕೂ ಪಿಚ್ ಒಂದೇ, ಅರ ಒಂದೇ, ಸ್ಪ್ರಾಕೆಟ್ ಒಂದೇ. ಎರಡೂ ಚೈನನ್ನು ಸರದಿಯಲ್ಲಿ ಓಡಿಸಿದರೆ ಸ್ಪ್ರಾಕೆಟ್ಟಿನ ಜೊತೆ ಸಮವಾಗಿ ಸವೆಯುತ್ತವೆ. ಸವೆದ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನ್ ಹಾಕಿದರೆ ಅದು ಬೇಗ ಹಾಳಾಗುತ್ತದೆ. ಸ್ಪ್ರಾಕೆಟ್ ಹಲ್ಲಿನ ಮೇಲೆ ಅರ್ಧ ಮಿಲಿಮೀಟರ್ ಗುಂಡಿ ಬಿದ್ದಿದ್ದರೆ ಅದನ್ನು ಬದಲಾಯಿಸುವ ಕಾಲ ಬಂತು ಅಂತ.

20 ಇಂಚು, 22 ಇಂಚಿನ ಆಸೆ

58 ಸಿಸಿ ಮಿಷನ್ನುಗಳು ಹೆಚ್ಚಾಗಿ 22 ಇಂಚಿನ ಬಾರ್ ಹಾಕಿಕೊಂಡೇ ಬರುತ್ತವೆ. ಪೆಟ್ಟಿಗೆ ಮೇಲೆ ಅದು ದೊಡ್ಡದಾಗಿ ಕಾಣುತ್ತದೆ, ಕೊಳ್ಳುವವರಿಗೆ ಖುಷಿ. ಆದರೆ ಲೆಕ್ಕ ಸರಳ. ಬಾರ್ ಪೂರ್ತಿ ಮರದೊಳಗೆ ಇಳಿದಾಗ ಅಷ್ಟೂ ಹಲ್ಲುಗಳನ್ನು ಅದೇ ಎಂಜಿನ್ ಎಳೆಯಬೇಕು. ಬಾರ್ ಉದ್ದವಾದರೆ ಎಂಜಿನ್ನಿನ ಬಲವೇನೂ ಜಾಸ್ತಿ ಆಗುವುದಿಲ್ಲ. ಪ್ರತಿ ಹಲ್ಲಿಗೆ ಸಿಗುವ ಪಾಲು ಮಾತ್ರ ಕಮ್ಮಿ ಆಗುತ್ತದೆ. ಆಗ ಹಿಡಿದವರು ಬಾರನ್ನು ಒತ್ತುತ್ತಾರೆ. ಒತ್ತಿದಾಗ ಕ್ಲಚ್ ಜಾರುತ್ತದೆ, ಬಾರಿನ ಅಂಚು ಸುಟ್ಟು ನೀಲಿ ಆಗುತ್ತದೆ. ಉದ್ದ ಬಾರಿಗೆ ಎಣ್ಣೆಯೂ ಜಾಸ್ತಿ ಬೇಕು, ಸಣ್ಣ ಪಂಪು ತುದಿಯವರೆಗೆ ಮುಟ್ಟಿಸದಿರಬಹುದು. ಮುಂಭಾರ ಜಾಸ್ತಿ ಆಗಿ ಸೊಂಟ ಹಿಡಿದುಕೊಳ್ಳುತ್ತದೆ.

ಅಂಥ ಮಿಷನ್ ಈಗಾಗಲೇ ನಿಮ್ಮಲ್ಲಿದ್ದರೆ ಎಸೆಯಬೇಕಿಲ್ಲ. ಅದೇ ಪಿಚ್, ಅದೇ ಗೇಜಿನ, ಮಿಷನ್ನಿಗೆ ಕೂರುವ 18 ಇಂಚಿನ ಬಾರ್ ಮತ್ತು ಸೆಮಿ ಚಿಸೆಲ್ ಚೈನ್ ಹಾಕಿಸಿ. ಮಿಷನ್ನೇ ಬೇರೆ ಅನಿಸುತ್ತದೆ. 22 ಇಂಚಿನದನ್ನು ವರ್ಷಕ್ಕೊಮ್ಮೆ ಬರುವ ದಪ್ಪ ಬುಡಕ್ಕೆ ಎತ್ತಿಡಿ.

20 ಇಂಚು ಯಾರಿಗೆ ಸರಿ? 3 ಕಿಲೋವಾಟ್ ಹತ್ತಿರದ ಮಿಷನ್ ಇದ್ದು, ದಪ್ಪ ಮೆದು ಮರ ಪದೇಪದೇ ಬರುವವರಿಗೆ. ಕೆಲವರು ಇದಕ್ಕೆ 3/8 ಪಿಚ್ ಹಾಕಿಸುತ್ತಾರೆ. 3/8 ಚೈನ್ ಗಟ್ಟಿಮುಟ್ಟು, ದೊಡ್ಡ ಚಕ್ಕೆ ತೆಗೆಯುತ್ತದೆ, ಅರ ಹಾಕಬೇಕಾದ ಹಲ್ಲುಗಳೂ ಕಮ್ಮಿ. ಆದರೆ ಸೀಳು ಅಗಲ, ಎಳೆಯುವ ಭಾರ ಜಾಸ್ತಿ. ಅದೇ ಏಳು ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ 0.325ಗಿಂತ 3/8 ಒಂದು ಸುತ್ತಿಗೆ ಹೆಚ್ಚುಕಡಿಮೆ ಏಳನೇ ಒಂದರಷ್ಟು ಹೆಚ್ಚು ದೂರ ಓಡುತ್ತದೆ. ವೇಗ ಹೆಚ್ಚಿದಷ್ಟು ಎಳೆಯುವ ತಾಕತ್ತು ಇಳಿಯುತ್ತದೆ. 45–50 ಸಿಸಿಗೆ ನಾನು 0.325 ಅನ್ನೇ ಹೇಳುತ್ತೇನೆ. 55 ದಾಟಿ ನಿಜವಾದ ಬಲ ಇದ್ದರೆ 3/8 ಬಗ್ಗೆ ಯೋಚಿಸಬಹುದು. ಎಂಟು ಹಲ್ಲಿನ ಸ್ಪ್ರಾಕೆಟ್ ಹಾಕಿಸುವ ಆಸೆಗೂ ಇದೇ ಮಾತು. ಗಿಡ್ಡ ಬಾರ್, ಮೆದು ಮರಕ್ಕೆ ಸರಿ. ಗಟ್ಟಿ ಮರಕ್ಕೆ ಬೇಡ.

ಇದಕ್ಕೆ ತಿರುಗುಮುರುಗಾದ ದಾರಿಯೂ ಒಂದಿದೆ. 1.3 ಗೇಜಿನ, ಸೀಳು ಕಿರಿದಾದ 0.325 ಚೈನ್ ಮತ್ತು ಅದರ ತೆಳು ಬಾರ್. ಮಿಷನ್ ಹಗುರ, ಕಮ್ಮಿ ಬಲದಲ್ಲೇ ವೇಗ. 45 ಸಿಸಿಯವರಿಗೆ ಒಳ್ಳೆಯ ಜೋಡಿ. ತೊಂದರೆ ಅಂದರೆ ಸಿಕ್ಕಿಹಾಕಿಕೊಂಡ ಬಾರನ್ನು ಜೋರಾಗಿ ತಿರುಚಿದರೆ ತೆಳು ಬಾರ್ ಬೇಗ ಬಾಗುತ್ತದೆ. ಸಣ್ಣ ಊರಿನ ಅಂಗಡಿಯಲ್ಲಿ ಆ ಚೈನ್ ಸಿಗುತ್ತದಾ ಅಂತ ಕೊಳ್ಳುವ ಮುಂಚೆ ಕೇಳಿ.

ಹಲಗೆ ಸೀಳುವ ಆಸೆ ಇದ್ದರೆ

ಅಡ್ಡ ಕೊಯ್ಯುವ ಚೈನಿನ ಹಲ್ಲಿಗೆ ಸಾಮಾನ್ಯವಾಗಿ 30 ಡಿಗ್ರಿ ಕೋನ. ಸೀಳುವ ಚೈನಿಗೆ 10 ಡಿಗ್ರಿ ಹತ್ತಿರ. ಸಾಮಾನ್ಯ ಚೈನಿನಲ್ಲೂ ಸೀಳಬಹುದು, ಆದರೆ ಹಲಗೆಯ ಮೈ ಒರಟು. ಸೀಳುವ ಚೈನಿನಲ್ಲಿ ಮೈ ನಯವಾಗಿ ಬರುತ್ತದೆ, ಉಜ್ಜುವ ಕೆಲಸ ಕಮ್ಮಿ. ಹಳೇ ಚೈನಿಗೆ ಅರ ಹಾಕುತ್ತಾ ಹಾಕುತ್ತಾ 10 ಡಿಗ್ರಿಗೆ ತರಬಹುದು. ದುಡ್ಡು ಉಳಿಸುವವರಿಗೆ ಅದೇ ದಾರಿ.

ಮಧ್ಯಮ ಮಿಷನ್ನಿಗೆ ಇದು ಕಷ್ಟದ ಕೆಲಸ ಅನ್ನುವುದು ಗೊತ್ತಿರಲಿ. ಅಡ್ಡ ಕೊಯ್ತ ಅರ್ಧ ನಿಮಿಷ, ಒಂದು ನಿಮಿಷಕ್ಕೆ ಮುಗಿಯುತ್ತದೆ. ಸೀಳುವಾಗ ಎಂಜಿನ್ ಹಲವು ನಿಮಿಷ ಪೂರ್ತಿ ವೇಗದಲ್ಲಿ, ಪೂರ್ತಿ ಭಾರದಲ್ಲಿ ಓಡಬೇಕು. ಒಂದಡಿ ಅಗಲದ ಒಳಗಿನ, ಹಸಿಯಾಗಿರುವ ದಿಮ್ಮಿಗಷ್ಟೇ ಕೈ ಹಾಕಿ. ನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಪ್ರತಿ ಟ್ಯಾಂಕಿಗೆ ಒಮ್ಮೆ ಅರ ಹಾಕಿ, ಗಾಳಿಯ ಫಿಲ್ಟರ್ ಕೊಡವಿ.

ಮರದ ನಷ್ಟವನ್ನೂ ಲೆಕ್ಕ ಹಾಕಿ. ಚೈನ್‌ಸಾ ಸೀಳು ಸುಮಾರು 7–8 ಮಿಲಿಮೀಟರ್. ಒಂದಿಂಚಿನ ಹಲಗೆ ಮಾಡಿದರೆ ಮರದ ಐದನೇ ಒಂದಕ್ಕಿಂತ ಜಾಸ್ತಿ ಪುಡಿಯಾಗಿಯೇ ಹೋಗುತ್ತದೆ. ಸಾಗುವಾನಿಯೋ ಹಲಸೋ ಆದರೆ ಹೊಟ್ಟೆ ಉರಿಯುತ್ತದೆ. ಹತ್ತಾರು ದಿಮ್ಮಿ ಇದ್ದರೆ ಸಾ ಮಿಲ್ಲಿಗೆ ಕೊಡುವುದೇ ಲಾಭ. ಗಾಡಿ ಹೋಗದ ಜಾಗದಲ್ಲಿ ಬಿದ್ದ ಒಂದು ಮರಕ್ಕೆ, ಕೊಟ್ಟಿಗೆಯ ತೊಲೆಗೆ, ದಪ್ಪ ಬೆಂಚಿಗೆ ಚೈನ್‌ಸಾ ಸರಿ.

ತೆಂಗು, ಅಡಿಕೆ ಮತ್ತು ರಸ್ತೆಗೆ ಬಿದ್ದ ಮರ

ತೆಂಗಿನ ಕಾಂಡ ಹೊರಗೆ ಕಲ್ಲಿನಂತೆ ಗಟ್ಟಿ, ಒಳಗೆ ನೀರು ತುಂಬಿದ ನಾರು. ಆ ನಾರು ಕ್ಲಚ್ ಮುಚ್ಚಳದೊಳಗೆ ಸುತ್ತಿಕೊಂಡು ಎಣ್ಣೆ ಬರುವ ತೂತನ್ನೇ ಮುಚ್ಚುತ್ತದೆ. ಇಲ್ಲಿ ಬೇಕಾದದ್ದು ಬಾರ್ ಉದ್ದ ಅಲ್ಲ, ಹರಿತವಾದ ಸೆಮಿ ಚಿಸೆಲ್ ಮತ್ತು ಪದೇಪದೇ ಮುಚ್ಚಳ ಬಿಚ್ಚಿ ಬಳಿಯುವ ತಾಳ್ಮೆ. ಅಡಿಕೆಯೂ ಹಾಗೆಯೇ.

ಮುಂಗಾರಿನ ಮುಂಚಿನ ಗಾಳಿಗೆ ಉರುಳಿದ ಮರ, ಬೇಲಿ ಮರ, ಗೆದ್ದಲು ಬುಡ, ಇಂಥ ಕೆಲಸಕ್ಕೆ ಅರ ಹಾಕಿ ಹಾಕಿ ಹಲ್ಲು ಚಿಕ್ಕದಾದ ಹಳೇ ಚೈನ್ ಒಂದನ್ನು ಎತ್ತಿಟ್ಟಿರಿ. ಮೊಳೆಗೆ ಸಿಕ್ಕರೂ ಸಂಕಟ ಇಲ್ಲ. ಕಾರ್ಬೈಡ್ ಹಲ್ಲಿನ ಚೈನ್ ಅಂತ ಒಂದಿದೆ, ಮಣ್ಣಿನಲ್ಲಿ ತುಂಬಾ ಬಾಳಿಕೆ. ಆದರೆ ದುಬಾರಿ, ಸಾಮಾನ್ಯ ಅರ ಅದಕ್ಕೆ ನಾಟುವುದಿಲ್ಲ. ಮನೆ ಬಳಕೆಗೆ ಬೇಕಾಗಿಲ್ಲ.

ಅರ ಮತ್ತು ಎಣ್ಣೆ

ಯಾವ ಜೋಡಿ ಆರಿಸಿದರೂ ಕೊನೆಗೆ ಕೊಯ್ಯುವುದು ಹಲ್ಲು. 0.325 ಚೈನಿಗೆ 4.8 ಮಿಲಿಮೀಟರ್ ದುಂಡು ಅರ. 3/8ಕ್ಕೆ ಕಂಪನಿ ನೋಡಿ 5.2 ಅಥವಾ 5.5. ಸಣ್ಣ ಮಿಷನ್ನುಗಳ 3/8 ಲೋ ಪ್ರೊಫೈಲ್ ಚೈನಿಗೆ 4. ಪ್ರತಿ ಹಲ್ಲಿನ ಮುಂದಿರುವ ಸಣ್ಣ ಗುಬ್ಬಿಗೆ ರೇಕರ್ ಅನ್ನುತ್ತಾರೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅನ್ನುವುದನ್ನು ಹಿಡಿದಿಡುವುದು ಅದು. ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿದ್ದರೆ ಸರಿ. ಹಲವು ಸಲ ಅರ ಹಾಕಿದ ಮೇಲೆ ರೇಕರನ್ನೂ ಚಪ್ಪಟೆ ಅರದಿಂದ ಇಳಿಸಬೇಕು. ಮೆದು ಹಸಿ ಮರಕ್ಕೆ ಕೂದಲೆಳೆಯಷ್ಟು ಜಾಸ್ತಿ ಇಳಿಸಬಹುದು. ಗಟ್ಟಿ ಮರಕ್ಕೆ ಹಾಗೆ ಜಾಸ್ತಿ ಇಳಿಸಬೇಡಿ, ಚೈನ್ ಕಚ್ಚಿಕೊಂಡು ಜಗ್ಗುತ್ತದೆ, ಕಿಕ್‌ಬ್ಯಾಕ್ ಭಯವೂ ಜಾಸ್ತಿ. ಅಡ್ಡ ಕೊಯ್ಯುವಾಗ ಚಕ್ಕೆ ಚಕ್ಕೆಯಾಗಿ ಬೀಳುತ್ತಿದ್ದರೆ ಹರಿತ ಇದೆ. ಹಿಟ್ಟಿನಂತೆ ಪುಡಿ ಬಂದರೆ ಮೊಂಡಾಗಿದೆ.

ಬಾರಿಗೆ ಸುಟ್ಟ ಎಂಜಿನ್ ಆಯಿಲ್ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಬಿಡಿ. ಅದರಲ್ಲಿರುವ ಲೋಹದ ಚೂರುಗಳು ಪಂಪು, ಬಾರ್ ಎರಡನ್ನೂ ತಿನ್ನುತ್ತವೆ. ಕೈಗೆ, ಮಣ್ಣಿಗೆ ಬೀಳುವುದೂ ಅದೇ ವಿಷ. ಬಾರ್ ಆಯಿಲ್ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ನಡೆಯುತ್ತದೆ. ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್ ಪುಸ್ತಿಕೆಯಲ್ಲಿ ಹೇಳಿದಷ್ಟೇ ಇರಲಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ನೀರು ಹೀರುತ್ತದೆ. ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ದುಡ್ಡು ಎಲ್ಲಿ ಹಾಕಬೇಕು

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಇರುವ ಬಾರನ್ನೇ ಇಟ್ಟುಕೊಳ್ಳಿ. ಒಂದು ಸೆಮಿ ಚಿಸೆಲ್ ಚೈನ್, ಸರಿ ಅಳತೆಯ ಅರ, ಅರದ ಹಿಡಿಕೆ, ರೇಕರ್ ಅಳೆಯುವ ಪಟ್ಟಿ ಕೊಳ್ಳಿ. ಸೌದೆಗೆ, ತೋಟಕ್ಕೆ ಇಷ್ಟರಲ್ಲೇ ಆಗುತ್ತದೆ. ಇನ್ನೊಂದಿಷ್ಟು ಹಾಕಬಹುದು ಅಂದರೆ 18 ಇಂಚಿನ ಬಾರಿಗೆ ಎರಡು ಥರದ ಚೈನ್. ಕೂಲಿಗೆ ಮರ ಕೊಯ್ಯುವವರು, ವಾರವಿಡೀ ಕೆಲಸ ಇರುವವರು 16 ಮತ್ತು 20 ಇಂಚಿನ ಎರಡು ಬಾರ್ ಇಟ್ಟುಕೊಂಡರೆ ಮೈ ಉಳಿಯುತ್ತದೆ. ಹಲಗೆ ಸೀಳುವ ಸರಂಜಾಮು ಎಲ್ಲಕ್ಕಿಂತ ಕೊನೆಗೆ. ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು, ತೊಡೆಗೆ ಚೈನ್ ತಡೆಯುವ ಚಾಪ್ಸ್, ಇವೆಲ್ಲ ಎರಡನೇ ಬಾರಿಗಿಂತ ಮೊದಲು ಬರಬೇಕು.

ಕರ್ನಾಟಕದಲ್ಲಿ ಮರ ಕಡಿಯುವುದಕ್ಕೆ 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರ್‌ಗೆ ಅದರಲ್ಲಿ ವಿನಾಯಿತಿ ಉಂಟು. ನಿಮ್ಮ ಜಮೀನಿನಲ್ಲೇ ಇದ್ದರೂ ಸಾಗುವಾನಿ, ಹೊನ್ನೆ, ಹಲಸಿಗೆ ಕೈ ಹಾಕುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹೊಸ ಚೈನ್ ತಂದ ದಿನ ನೇರ ಮರಕ್ಕೆ ಇಳಿಸಬೇಡಿ. ರಾತ್ರಿಯಿಡೀ ಬಾರ್ ಆಯಿಲಿನಲ್ಲಿ ನೆನೆಸಿಡಿ. ಹಾಕಿದ ಮೇಲೆ ಎರಡು ಮೂರು ನಿಮಿಷ ಖಾಲಿ ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ಬಿಗಿ ನೋಡಿ. ಬಾರಿನ ಕೆಳಗೆ ಜೋತುಬೀಳಬಾರದು, ಕೈಯಿಂದ ಎಳೆದರೆ ಸರಾಗವಾಗಿ ಓಡಬೇಕು. ಮೊದಲ ದಿನ ಚೈನ್ ಹಿಗ್ಗುತ್ತದೆ, ನಾಲ್ಕಾರು ಸಲ ಬಿಗಿ ಮಾಡಬೇಕಾಗುತ್ತದೆ. ಬಿಸಿ ಇದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ. ತಣ್ಣಗಾಗುವಾಗ ಚೈನ್ ಕುಗ್ಗಿ ಕ್ರ್ಯಾಂಕಿನ ಬೇರಿಂಗನ್ನೇ ಎಳೆಯುತ್ತದೆ.